ಕೊನೆಯ ಹುಡುಗನಿಗಾಗಿ ಕಾದ ಶಾಲೆ

ಶಾಲೆಯ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಓದುವ ವರದಿಯನ್ನು ಕೇಳದವರು ನಮ್ಮಲ್ಲಿ ವಿರಳ. ಪರೀಕ್ಷೆಗೆ ಕುಳಿತವರೆಷ್ಟು ಮಂದಿ, ತೇರ್ಗಡೆಯಾದವರೆಷ್ಟು, ಮೊದಲ ದರ್ಜೆಯಲ್ಲಿ ಬಂದವರು ಯಾರು ಯಾರು, ಚರ್ಚಾಸ್ಪರ್ಧೆಯ ಢಾಲು ಈ ವರ್ಷ ಯಾರ ಪಾಲಾಯಿತು, ಕಬಡ್ಡಿಯಲ್ಲಿ ನಮ್ಮ ಹುಡುಗರು ಎಲ್ಲಿಯವರೆಗೆ ಹೋದರು ಎಂಬುದೆಲ್ಲ ಅದರಲ್ಲಿ ಕ್ರಮವಾಗಿ ಬರುತ್ತದೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ, ತಟ್ಟಬೇಕಾದುದೇ. ಆದರೆ ಆ ವರದಿಯಲ್ಲಿ ಎಂದೂ ಬಾರದ ಒಂದು ಅಂಕಿ ಉಂಟು. ಒಂದನೆಯ ತರಗತಿಯಲ್ಲಿ ಈ ಹುಡುಗರ ಪಕ್ಕದಲ್ಲಿಯೇ ಕುಳಿತು ಅಕ್ಷರ ತಿದ್ದಿ, ಪರೀಕ್ಷೆಯ ವೇಳೆಗೆ ದನಗಳ ಹಿಂದೆಯೋ, ಇಟ್ಟಿಗೆಯ ಗೂಡಿಗೋ, ಹೋಟೆಲಿನ ಲೋಟ ತೊಳೆಯುವ ತೊಟ್ಟಿಯ ಬಳಿಗೋ ಹೊರಟುಹೋದವರ ಅಂಕಿ ಅದು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಒಂದು ಕೆಂಪು ಗೆರೆ ಬೀಳುತ್ತದೆ. ಅಲ್ಲಿಗೆ ಅವರ ಕಥೆ ಮುಗಿಯಿತು.

ಆ ಕೆಂಪು ಗೆರೆಗಳನ್ನೇ ಎಣಿಸಲು ಕುಳಿತ ಎಂಟು ಹುಡುಗರು ಇದ್ದರು. ಅವರು ಇಟಲಿ ದೇಶದವರು. ಅವರ ಶಾಲೆಗೆ ಢಾಲಿರಲಿಲ್ಲ, ಬಾವುಟವಿರಲಿಲ್ಲ, ಸರಕಾರದ ಮಾನ್ಯತೆಯೂ ಇರಲಿಲ್ಲ. ಪರೀಕ್ಷೆಗೆ ಅವರು ಖಾಸಗಿ ಅಭ್ಯರ್ಥಿಗಳಾಗಿ ಕುಳಿತುಕೊಳ್ಳಬೇಕಾಗಿತ್ತು. ಆ ಶಾಲೆಯ ಹೆಸರು ಬಾರ್ಬಿಯಾನ.

ಫ್ಲಾರೆನ್ಸ್ ನಗರದ ಉತ್ತರಕ್ಕೆ ಮುಜೆಲ್ಲೊ ಎಂಬ ಕಣಿವೆ ಇದೆ. ಚಿತ್ರಕಲೆಯ ಚರಿತ್ರೆಯನ್ನು ಬಲ್ಲವರಿಗೆ ಇದು ಅಪರಿಚಿತ ಸೀಮೆಯಲ್ಲ. ಮಹಾಚಿತ್ರಕಾರ ಜೊತ್ತೊ ಹುಟ್ಟಿದ್ದು ಇಲ್ಲಿಯೇ ಎಂದು ಪ್ರತೀತಿ. ಈ ಕಣಿವೆಯ ವಿಕ್ಯೊ ಎಂಬ ಊರಿಗೆ ಸೇರಿದಂತೆ, ಜೋವಿ ಬೆಟ್ಟದ ಇಳಿಜಾರಿನ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಎಂದು ಚದರಿಬಿದ್ದ ಒಕ್ಕಲುಮನೆಗಳ ಗುಂಪಿಗೆ ಬಾರ್ಬಿಯಾನವೆಂದು ಹೆಸರು. ಊರೆಂದು ಕರೆಯಲು ಅಲ್ಲಿ ಬೀದಿಯೇ ಇರಲಿಲ್ಲ. ಒಂದು ಹಳೆಯ ಇಗರ್ಜಿ, ಅದಕ್ಕೆ ಹೊಂದಿದ ಪಾದ್ರಿಯ ಮನೆ, ಪುಟ್ಟ ಸ್ಮಶಾನ, ಇಷ್ಟೆ. 1954ರ ಡಿಸೆಂಬರಿನಲ್ಲಿ ಲೊರೆನ್ಜೊ ಮಿಲಾನಿ ಎಂಬ ಮೂವತ್ತೊಂದು ವರ್ಷದ ಪಾದ್ರಿ ಅಲ್ಲಿಗೆ ಬಂದಾಗ ಬಂಡಿ ಹೋಗುವ ರಸ್ತೆಯಿಲ್ಲ, ವಿದ್ಯುತ್ತಿಲ್ಲ, ನಲ್ಲಿಯಿಲ್ಲ.

ಅವರು ಅಲ್ಲಿಗೆ ಬಂದದ್ದು ತಮ್ಮ ಇಚ್ಛೆಯಿಂದಲ್ಲ. ಫ್ಲಾರೆನ್ಸಿನ ಶ್ರೀಮಂತ, ವಿದ್ಯಾವಂತ ಮನೆತನದಲ್ಲಿ 1923ರಲ್ಲಿ ಹುಟ್ಟಿದವರು. ತಾಯಿ ಯೆಹೂದಿ ವಂಶದವರು. ಚಿತ್ರಕಲೆಯನ್ನು ಕಲಿಯುತ್ತಿದ್ದ ತರುಣ ಇಪ್ಪತ್ತನೆಯ ವಯಸ್ಸಿನಲ್ಲಿ ಮನಸ್ಸು ತಿರುಗಿ, 1947ರಲ್ಲಿ ಪಾದ್ರಿಯ ದೀಕ್ಷೆ ಪಡೆದರು. ಮೊದಲು ಕೆಲಸಕ್ಕೆ ನಿಂತದ್ದು ಫ್ಲಾರೆನ್ಸಿನ ಸಮೀಪದ ಕಲೆನ್ಜಾನೊದಲ್ಲಿ. ಅಲ್ಲಿ ಕೂಲಿಕಾರರಿಗೂ ರೈತರ ಮಕ್ಕಳಿಗೂ ರಾತ್ರಿಶಾಲೆ ತೆರೆದರು. ಕಮ್ಯುನಿಸ್ಟರ ಮಕ್ಕಳೂ ಬರಲಿ, ಯಾರಿಗೂ ಸಂಕೋಚವಾಗದಿರಲಿ ಎಂದು ಪಾಠದ ಕೋಣೆಯಿಂದ ಶಿಲುಬೆಯನ್ನು ತೆಗೆಸಿದರು. ಆ ಕಾಲದ ಇಟಲಿಯಲ್ಲಿ ಇದು ಸಣ್ಣ ಮಾತಲ್ಲ. ಮೇಲಿನವರಿಗೆ ಹಿಡಿಸಲಿಲ್ಲ, ಪಾದ್ರಿ ಬೆಟ್ಟ ಹತ್ತಿದರು. ಬಂದೊಡನೆಯೇ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಅಲ್ಲಿನ ಸ್ಮಶಾನದಲ್ಲಿ ತಮಗೆಂದು ಆರಡಿ ನೆಲವನ್ನು ಕೊಂಡುಕೊಂಡದ್ದು. ಇಲ್ಲಿಂದ ಇನ್ನು ಕದಲುವುದಿಲ್ಲವೆಂದು ಊರವರಿಗೆ ತಿಳಿಸಲು ಇದಕ್ಕಿಂತ ಸ್ಪಷ್ಟವಾದ ಭಾಷೆ ಬೇಕಾಗಿರಲಿಲ್ಲ.

1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನ ಎಂಟು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣವನ್ನು ವಿಧಿಸಿತ್ತು. ಬೆಟ್ಟದ ಹುಡುಗರ ಪಾಲಿಗೆ ಅದು ಐದನೆಯ ತರಗತಿಗೇ ನಿಂತುಹೋಗುತ್ತಿತ್ತು. ಮುಂದೆ ಓದಬೇಕಾದರೆ ಕಣಿವೆಗಿಳಿಯಬೇಕು. ಇಳಿದವರಲ್ಲಿಯೂ ಹಲವರು ಒಂದೆರಡು ಸಲ ನಪಾಸಾಗಿ ಹಿಂದಿರುಗುತ್ತಿದ್ದರು. ಇಂಥವರಲ್ಲಿ ಬೆರಳೆಣಿಕೆಯ ಮಂದಿಯನ್ನು ಇಟ್ಟುಕೊಂಡು ಮಿಲಾನಿ ತಮ್ಮ ಮನೆಯಲ್ಲಿಯೇ ಶಾಲೆ ಆರಂಭಿಸಿದರು.

ಆ ಶಾಲೆಯ ದಿನಚರಿಯನ್ನು ಕೇಳಿದರೆ ನಮ್ಮ ಹುಡುಗರು ಬೆಚ್ಚಿಬೀಳಬಹುದು. ಬೆಳಗಿನಿಂದ ಸಂಜೆಯವರೆಗೆ ಪಾಠ, ಭಾನುವಾರವೂ ಉಂಟು, ಬೇಸಗೆಯ ರಜೆಯಿಲ್ಲ, ಹಬ್ಬದ ರಜೆಯಿಲ್ಲ. ಆಟದ ವಿರಾಮವೆಂಬುದೂ ಇಲ್ಲ. ಆದರೂ ಕಾಡಿನ ಕಾಲುದಾರಿಯಲ್ಲಿ ನಡೆದು ಅವರು ತಪ್ಪದೆ ಬರುತ್ತಿದ್ದರು. ಕೊಟ್ಟಿಗೆ ಬಳಿಯುವುದಕ್ಕಿಂತ ಓದುವುದು ಹಗುರವೆಂದು ಅವರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ.

ಕೋಣೆಯಲ್ಲಿ ಸಾಲು ಬೆಂಚುಗಳಿರಲಿಲ್ಲ. ದೊಡ್ಡ ಮೇಜುಗಳು, ಅವುಗಳ ಸುತ್ತ ಹುಡುಗರು. ಒಂದು ವಿಷಯಕ್ಕೆ ಒಂದೇ ಪುಸ್ತಕ. ಸುತ್ತ ಕುಳಿತವರೆಲ್ಲ ಅದರ ಮೇಲೆ ಬಾಗಿ ನೋಡಬೇಕು. ಹನ್ನೆರಡು, ಹದಿಮೂರು ವರ್ಷದವರು ಎಂಟು, ಒಂಬತ್ತು ವರ್ಷದವರಿಗೆ ಮೇಷ್ಟರು. ಇನ್ನು ಆ ಶಾಲೆಯ ಮುಖ್ಯ ನಿಯಮ: ಮೇಜಿನ ಸುತ್ತ ಇರುವವರಲ್ಲಿ ಯಾರಿಗೆ ಅರ್ಥವಾಗಲಿಲ್ಲವೋ ಅವನೇ ಆ ಹೊತ್ತಿನ ಮುಖ್ಯ ವಿದ್ಯಾರ್ಥಿ. ಅವನಿಗೆ ತಿಳಿಯುವ ತನಕ ಪಾಠ ಮುಂದಕ್ಕೆ ಹೋಗುವುದಿಲ್ಲ. ಚುರುಕಾದವನು ಸುಮ್ಮನೆ ಕಾಯುವುದಲ್ಲ, ಅವನಿಗೆ ತಿಳಿಸುವ ದಾರಿಯನ್ನು ಹುಡುಕಬೇಕು. ಇದರಿಂದ ಜಾಣರಿಗೆ ನಷ್ಟವಲ್ಲವೆ ಎಂದು ನಮ್ಮ ಉಪಾಧ್ಯಾಯ ಮಿತ್ರರು ಕೇಳಬಹುದು. ಇನ್ನೊಬ್ಬರಿಗೆ ಒಂದು ಲೆಕ್ಕವನ್ನು ಮೂರು ಬಗೆಯಲ್ಲಿ ಬಿಡಿಸಿ ಹೇಳಬೇಕಾದವನಿಗೆ ಆ ಲೆಕ್ಕ ಮತ್ತೆ ಮರೆಯುವುದುಂಟೆ ಎಂಬುದು ನನ್ನ ಮರುಪ್ರಶ್ನೆ.

ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಅಲ್ಲಿ ಓದಲಾಗುತ್ತಿದ್ದುದು ದಿನಪತ್ರಿಕೆ. ಒಂದು ಕಠಿಣ ಪದ ಬಂದರೆ ಅದರ ಬೇರನ್ನು ಹಿಡಿದು, ಬಳಕೆಯನ್ನು ಶೋಧಿಸಿ, ಅದು ಎಲ್ಲರ ನಾಲಗೆಯ ಮೇಲೆ ಸಲೀಸಾಗಿ ಬರುವವರೆಗೆ ಬಿಡುತ್ತಿರಲಿಲ್ಲ. ಬಡವನ ದೊಡ್ಡ ಬಡತನ ಮಾತಿನದು. ಒಡೆಯನ ಮುಂದೆ, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ಅವನು ಸೋಲುವುದು ಮೊದಲು ಅಲ್ಲಿಯೇ ಎಂದು ಮಿಲಾನಿಯವರ ದೃಢವಾದ ನಂಬಿಕೆ. ಬೆಟ್ಟಕ್ಕೆ ಬಂದ ಅತಿಥಿ ಎಷ್ಟೇ ದೊಡ್ಡ ವಿದ್ವಾಂಸನಾಗಿರಲಿ, ಹುಡುಗರ ಮಧ್ಯೆ ಕುಳಿತು ಅವರ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗಿತ್ತು. ವಿದೇಶೀ ಭಾಷೆಗಳಿಗೂ ಅಲ್ಲಿ ಪ್ರಾಶಸ್ತ್ಯ. ಬೆಳೆದ ಹುಡುಗರನ್ನು ಇಂಗ್ಲೆಂಡಿಗೂ ಜರ್ಮನಿಗೂ ಫ್ರಾನ್ಸಿಗೂ ಕಳುಹಿಸಿ, ಅಲ್ಲಿ ದುಡಿದು ಉಂಡು ಭಾಷೆ ಕಲಿತು ಬರುವಂತೆ ಮಾಡುತ್ತಿದ್ದರು.

ಮರಗೆಲಸ, ಕಬ್ಬಿಣದ ಕೆಲಸ ಎರಡೂ ನಡೆಯುತ್ತಿದ್ದವು. ಶಾಲೆಯ ಪೀಠೋಪಕರಣಗಳು ಹುಡುಗರ ಕೈಯಿಂದಲೇ ಬಂದವು. ಬೆಟ್ಟದ ಮಕ್ಕಳಿಗೆ ನೀರೆಂದರೆ ಭಯ. ಆದ್ದರಿಂದ ಎಲ್ಲರೂ ಸೇರಿ ಮನೆಯ ಪಕ್ಕದಲ್ಲಿ ಒಂದು ಪುಟ್ಟ ಈಜುಕೊಳ ಕಟ್ಟಿದರು. ಇಗರ್ಜಿಯ ಕಿಟಕಿಯೊಂದಕ್ಕೆ ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿ ಒಬ್ಬ ಸಂತನ ಚಿತ್ರ ಮಾಡಿದರು; ಆ ಸಂತ ಪುಸ್ತಕ ಹಿಡಿದು ಓದುತ್ತಿರುವ ಹುಡುಗ! ಗೋಡೆಯ ಮೇಲೆ ಇಂಗ್ಲಿಷಿನ ಎರಡು ಮಾತುಗಳು: ಐ ಕೇರ್. ಮುಸೊಲಿನಿಯ ಕಾಲದ ಫ್ಯಾಸಿಸ್ಟರು ಮೆರೆಸಿದ ಘೋಷಣೆಯೊಂದಿತ್ತು. ಅದರ ಭಾವವನ್ನು ಕನ್ನಡದಲ್ಲಿ ಹೇಳುವುದಾದರೆ ‘ನನಗೇನಂತೆ’. ಅದಕ್ಕೆ ಎದುರಾಗಿ ಇದು: ಇದು ನನ್ನದು, ಇದರ ಚಿಂತೆ ನನಗುಂಟು.

ನಮಗೆ ಸಂತೋಷ ತರುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ಮೇಜಿನ ಸುತ್ತ ಓದಿದ ಗ್ರಂಥಗಳಲ್ಲಿ ಸಾಕ್ರೆಟಿಸನ ಸಮರ್ಥನೆ, ನಾಲ್ಕು ಸುವಾರ್ತೆಗಳು ಇವುಗಳ ಜೊತೆಯಲ್ಲಿ ಗಾಂಧೀಜಿಯವರ ಆತ್ಮಕಥೆಯೂ ಇತ್ತು. ಓದು ಓದಾಗಿಯೇ ಉಳಿಯಲಿಲ್ಲ. 1965ರ ಫೆಬ್ರವರಿಯಲ್ಲಿ, ಸೈನ್ಯದ ಸೇವೆಯಿಂದ ನಿವೃತ್ತರಾದ ತೊಸ್ಕಾನ ಪ್ರಾಂತದ ಕೆಲವು ಪಾದ್ರಿಗಳು, ಆತ್ಮಸಾಕ್ಷಿಗೆ ಒಪ್ಪದೆಂದು ಬಂದೂಕು ಹಿಡಿಯಲು ನಿರಾಕರಿಸುವ ತರುಣರನ್ನು ಹೇಡಿಗಳೆಂದು ಹಳಿದರು. ಆ ಪತ್ರಿಕಾ ಸುದ್ದಿ ಶಾಲೆಯ ಮೇಜಿನ ಮೇಲೆ ಬಂದಿತು. ಹುಡುಗರೊಡನೆ ಕೂಡಿ ವಿಚಾರ ಮಾಡಿ ಮಿಲಾನಿ ಉತ್ತರ ಬರೆದರು. ಉತ್ತರಕ್ಕಾಗಿ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ಆ ವೇಳೆಗೆ ಅವರು ತೀವ್ರವಾಗಿ ಅಸ್ವಸ್ಥರು. ರೋಮಿಗೆ ಹೋಗಲಾರದೆ ನ್ಯಾಯಾಧೀಶರಿಗೆ ಒಂದು ದೀರ್ಘ ಪತ್ರವನ್ನೇ ಕಳುಹಿಸಿದರು. 1966ರ ಫೆಬ್ರವರಿಯಲ್ಲಿ ಖುಲಾಸೆಯಾಯಿತು. ಅಂಥ ನಿರಾಕರಣೆಗೆ ಇಟಲಿಯ ಕಾನೂನು ಮನ್ನಣೆ ಕೊಟ್ಟದ್ದು 1972ರಲ್ಲಿ, ಅವರು ತೀರಿಕೊಂಡ ಐದು ವರ್ಷಗಳ ಮೇಲೆ.

ಇನ್ನು ಆ ಎಂಟು ಹುಡುಗರು. ಬಾರ್ಬಿಯಾನದಿಂದ ಇಬ್ಬರು ಉಪಾಧ್ಯಾಯರಾಗಬೇಕೆಂದು ತರಬೇತಿಯ ಶಾಲೆಗೆ ಸೇರಿದರು, ಅಲ್ಲಿ ನಪಾಸಾದರು. ಹಿಂದೆ ಇಂಥ ಹುಡುಗರು ತಲೆ ತಗ್ಗಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಇವರು ನಪಾಸು ಮಾಡಿದ ಉಪಾಧ್ಯಾಯಿನಿಗೆ ಪತ್ರ ಬರೆಯಲು ಕುಳಿತರು. ಪತ್ರ ಬೆಳೆದು ಒಂದು ಪುಸ್ತಕವಾಯಿತು. ‘ಉಪಾಧ್ಯಾಯಿನಿಗೊಂದು ಪತ್ರ’ ಎಂಬ ಅರ್ಥದ ಶಿರೋನಾಮೆಯಲ್ಲಿ 1967ರ ಮೇ ತಿಂಗಳಲ್ಲಿ ಅದು ಫ್ಲಾರೆನ್ಸಿನಿಂದ ಪ್ರಕಟವಾಯಿತು.

ಎಂಟು ಮಂದಿ ಕೂಡಿ ಒಂದು ಪುಸ್ತಕ ಬರೆಯುವುದು ಹೇಗೆ? ಕನ್ನಡದ ಪ್ರಬಂಧಪಾಠ ಹೇಳುವವರು ಗಮನಿಸಬೇಕಾದ ಕ್ರಮ ಇದು. ಪ್ರತಿಯೊಬ್ಬನ ಜೇಬಿನಲ್ಲಿ ಚೀಟಿಯ ಪುಸ್ತಕ. ಹೊಳೆದದ್ದನ್ನು ಹೊಳೆದಾಗ ಬರೆಯಬೇಕು. ಒಂದು ಚೀಟಿಗೆ ಒಂದೇ ವಿಚಾರ, ಒಂದೇ ಮಗ್ಗುಲಿನಲ್ಲಿ. ಒಂದು ದಿನ ಚೀಟಿಗಳನ್ನೆಲ್ಲ ದೊಡ್ಡ ಮೇಜಿನ ಮೇಲೆ ಹರಡುತ್ತಾರೆ. ಎರಡು ಸಲ ಬಂದದ್ದನ್ನು ತೆಗೆದುಹಾಕಿ, ಒಂದಕ್ಕೊಂದು ಸಂಬಂಧವಿದ್ದವನ್ನು ಗುಡ್ಡೆ ಮಾಡಿದರೆ ಅವು ಅಧ್ಯಾಯಗಳು. ಗುಡ್ಡೆಯನ್ನು ಒಡೆದರೆ ಪರಿಚ್ಛೇದಗಳು. ಆಮೇಲೆ ತಿದ್ದುವುದು. ಬೇಡದ ಪದ, ಹೊರೆಯಾದ ವಿಶೇಷಣ, ಉದ್ದವಾದ ವಾಕ್ಯ ಎಲ್ಲಕ್ಕೂ ಕತ್ತರಿ. ಕೊನೆಗೆ ಹೊರಗಿನವರನ್ನು, ಅದರಲ್ಲಿಯೂ ಹೆಚ್ಚು ಓದದವರನ್ನು, ಕರೆದು ಓದಿಸಿ, ಅವರಿಗೆ ತಿಳಿಯದ ಮಾತನ್ನು ಮತ್ತೆ ತಿದ್ದುವುದು.

ಪುಸ್ತಕದಲ್ಲಿ ಇಬ್ಬರು ಹುಡುಗರು ಬರುತ್ತಾರೆ. ವೈದ್ಯನ ಮಗ ಪಿಯೆರಿನೊ. ಶಾಲೆಗೆ ಕಾಲಿಡುವ ಮೊದಲೇ ಓದುಬರಹ ಬಲ್ಲವನು, ಮನೆಯಲ್ಲಿ ಆಡುವ ಭಾಷೆಯೇ ಪುಸ್ತಕದ ಭಾಷೆ. ಇನ್ನೊಬ್ಬ ದುಡಿಮೆಗಾರನ ಮಗ ಜಾನ್ನಿ. ನಪಾಸಾಗಿ ನಪಾಸಾಗಿ ಶಾಲೆ ಬಿಟ್ಟವನು. ಇಬ್ಬರಿಗೂ ಒಂದೇ ಪ್ರಶ್ನಪತ್ರಿಕೆ ಕೊಟ್ಟು ನ್ಯಾಯ ಮಾಡಿದೆವೆಂದು ಶಾಲೆ ತಿಳಿಯುತ್ತದಲ್ಲ, ಅದನ್ನು ಹುಡುಗರು ಒಪ್ಪುವುದಿಲ್ಲ. ಬರಿಯ ಆಕ್ರೋಶದಿಂದ ತೃಪ್ತರಾಗದೆ ಅವರು ಲೆಕ್ಕಕ್ಕೆ ಇಳಿದರು. ಹಾಜರಿ ಪುಸ್ತಕಗಳನ್ನೂ ಸರಕಾರದ ಅಂಕಿ ಅಂಶಗಳನ್ನೂ ಮುಂದಿಟ್ಟುಕೊಂಡು, ಪ್ರತಿ ವರ್ಷ ಯಾವ ತರಗತಿಯಿಂದ ಎಷ್ಟು ಮಂದಿ ಉದುರಿಹೋದರು, ಅವರ ತಂದೆಯ ವೃತ್ತಿಯೇನು ಎಂದು ಪಟ್ಟಿ ಮಾಡಿದರು. ಉದುರಿದವರಲ್ಲಿ ರೈತರ, ಕೂಲಿಗಾರರ ಮಕ್ಕಳೇ ಹೆಚ್ಚೆಂದು ಪಟ್ಟಿ ತಾನಾಗಿಯೇ ಹೇಳಿತು. ಅವರು ಕೇಳಿದ್ದು ಮೂರು: ಕಡ್ಡಾಯ ಶಿಕ್ಷಣದಲ್ಲಿ ನಪಾಸು ಬೇಡ, ಮಂದನೆನ್ನಿಸಿಕೊಂಡವನಿಗೆ ಇಡೀ ದಿನದ ಶಾಲೆ ಕೊಡಿ, ಸೋಮಾರಿಯೆನ್ನಿಸಿಕೊಂಡವನಿಗೆ ಒಂದು ಗುರಿ ತೋರಿಸಿ. ಈ ಅಂಕಿ ಅಂಶಗಳ ಕೆಲಸಕ್ಕಾಗಿ ಇಟಲಿಯ ಭೌತವಿಜ್ಞಾನ ಸಂಘ ಅವರಿಗೆ ಬಹುಮಾನ ನೀಡಿತು. ಭರವಸೆಯ ತರುಣ ವಿಜ್ಞಾನಿಗಳಿಗೆ ಸಾಮಾನ್ಯವಾಗಿ ಮೀಸಲಾಗಿದ್ದ ಬಹುಮಾನವದು. ಗಣಿತದಲ್ಲಿ ದಡ್ಡರೆಂದು ಹೊರದೂಡಿಸಿಕೊಂಡವರ ಗೆಳೆಯರಿಗೆ ಇದಕ್ಕಿಂತ ಸೊಗಸಾದ ಢಾಲು ಯಾವುದು!

ಪುಸ್ತಕದಲ್ಲಿ ಕಟುತನ ಹೆಚ್ಚೆಂಬುದು ನಿಜ. ಐವತ್ತು ಮಕ್ಕಳ ತರಗತಿಯಲ್ಲಿ ಗಂಟಲು ಹರಿದುಕೊಳ್ಳುವ ಬಡ ಉಪಾಧ್ಯಾಯರ ಕಷ್ಟ ಅದರಲ್ಲಿ ಕಾಣುವುದಿಲ್ಲ. ಹುಡುಗರಿಗೆ ಆಟ ಕಾಲಹರಣವೆಂಬ ಅವರ ಮಾತನ್ನು ನಾನಂತೂ ಒಪ್ಪಲಾರೆ. ಆದರೆ ತಮ್ಮ ಕೊರತೆಯನ್ನು ಅವರು ಮುಚ್ಚಿಡಲಿಲ್ಲ. ಕೆಳಗಿನ ಊರಿನಿಂದ ಗಂಡುಹುಡುಗರು ಬಂದರು, ಹೆಣ್ಣುಮಕ್ಕಳು ಒಬ್ಬರೂ ಬರಲಿಲ್ಲವೆಂದು ತಾವೇ ಬರೆದು, ಹುಡುಗಿಗೆ ಬುದ್ಧಿಯೇಕೆ ಎನ್ನುವ ಹಿರಿಯರನ್ನು ಖಂಡಿಸಿದರು. ಗಂಡುಮಕ್ಕಳ ಶಾಲೆಯೊಂದು ತನ್ನ ಬಗ್ಗೆ ತಾನೇ ಬರೆದುಕೊಂಡ ವರದಿಯಲ್ಲಿ ಇಂಥ ಮಾತು ಅಪರೂಪ.

ಪುಸ್ತಕ ಹೊರಬಂದ ಮರುತಿಂಗಳು, 1967ರ ಜೂನ್ 26ರಂದು, ಮಿಲಾನಿ ಕಾಲವಾದರು. ವಯಸ್ಸು ನಾಲ್ವತ್ತನಾಲ್ಕು. ಮೊದಲೇ ಕೊಂಡಿಟ್ಟಿದ್ದ ನೆಲದಲ್ಲಿ ಅವರನ್ನು ಮಣ್ಣು ಮಾಡಿದರು. ಯಾವ ಸಭೆಯ ಹಿರಿಯರು ಅವರನ್ನು ಬೆಟ್ಟಕ್ಕೆ ಕಳುಹಿಸಿದರೋ ಅದೇ ಸಭೆಯ ಪರಮಗುರು ಪೋಪ್ ಫ್ರಾನ್ಸಿಸ್ 2017ರ ಜೂನ್‌ನಲ್ಲಿ ಆ ಸಮಾಧಿಯ ಮುಂದೆ ನಿಂತು ಪ್ರಾರ್ಥಿಸಿದರು.

ಹುಡುಗರು ದೇಶದಲ್ಲಿ ಹರಡಿಹೋದರು. ಕೆಲವರು ಕಾರ್ಮಿಕ ಸಂಘಗಳಲ್ಲಿ ದುಡಿದರು. ಮಿಲಾನಿಯವರ ಮನೆಯಲ್ಲಿಯೇ ಬೆಳೆದ ಮಿಕೇಲೆ ಜೆಸುವಾಲ್ದಿ ಮುಂದೆ ಫ್ಲಾರೆನ್ಸ್ ಪ್ರಾಂತದ ಅಧ್ಯಕ್ಷರಾದರು. ಅವರ ತಮ್ಮ ಫ್ರಾಂಚೆಸ್ಕೊ ಬಡದೇಶಗಳ ಶ್ರಮಿಕರ ಸ್ಥಿತಿಗತಿಗಳನ್ನು ಶೋಧಿಸುವ ಕೇಂದ್ರವೊಂದನ್ನು ಸ್ಥಾಪಿಸಿದರು. ಪತ್ರವೂ ಊರೂರು ಸುತ್ತಿತು. ಇಂಗ್ಲಿಷಿಗೆ 1970ರ ಸುಮಾರಿಗೇ ಬಂದು ನಮ್ಮ ದೇಶದ ಶಿಕ್ಷಣಚಿಂತಕರ ಕೈಗೂ ಸೇರಿತು. ಅದನ್ನು ಬರೆದ ಎಂಟು ಮಂದಿ ಯಾರು ಯಾರೆಂದು ಮುಖಪುಟ ಹೇಳುವುದಿಲ್ಲ. ಗ್ರಂಥಕರ್ತರ ಹೆಸರು ಇರಬೇಕಾದ ಜಾಗದಲ್ಲಿ ಇರುವುದು ‘ಬಾರ್ಬಿಯಾನ ಶಾಲೆ’ ಎಂದಷ್ಟೇ.