ಕಲ್ಲಿನ ಪಾಠಕ್ಕೆ ಬಯಲೇ ಶಾಲೆ

ಜಮಖಂಡಿ, ರಬಕವಿ–ಬನಹಟ್ಟಿ ಸುತ್ತಲಿನ ಎರೆಹೊಲಗಳಲ್ಲಿ ಬಾವಿ ತೋಡಿದರೆ ಮೊದಲು ಮಣ್ಣು, ಆಮೇಲೆ ಗರಸು, ಅದರಡಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಬಸಾಲ್ಟ್ ಅದು. ಕಬ್ಬು ಬೆಳೆಯುವ ಎರೆಮಣ್ಣು ಹುಟ್ಟಿದ್ದೂ ಅದರಿಂದಲೇ. ದಖ್ಖನ್ನಿನ ಲಾವಾ ಹಾಸು ದಕ್ಷಿಣದಲ್ಲಿ ಮುಗಿಯುವುದು ಈ ಸೀಮೆಯಲ್ಲಿ. ಮುಧೋಳ ದಾಟಿ ಲೋಕಾಪುರಕ್ಕೆ ಬಂದರೆ ನೂರು ಕೋಟಿ ವರ್ಷಕ್ಕೂ ಹಳೆಯ ಸುಣ್ಣಕಲ್ಲು ಎದುರಾಗುತ್ತದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ಹಳೆಯ ಶಿಲಾಸಮೂಹಕ್ಕೆ ಕಲಾದಗಿಯ ಹೆಸರು ಕೊಟ್ಟರು.

ಹೀಗೆ ಶಿಲಾರಸ ತಣಿದು ಆದ ಅಗ್ನಿಶಿಲೆಯನ್ನು ಕಲಿಸುವ ಪ್ರಾಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ತರಗತಿ ಬೇಕಿಲ್ಲ. ಅವರು ಮೊದಲು ಸುತ್ತಿಗೆಯಿಂದ ಕಲ್ಲೊಡೆದು ಹೊಸ ಮೈ ತೋರಿಸುತ್ತಾರೆ; ಬಿಸಿಲು ಮಳೆಗೆ ಮಾಸಿದ ಮೇಲ್ಮೈ ದಾರಿ ತಪ್ಪಿಸುತ್ತದೆ. ಬೇಗ ತಣಿದ ಬಸಾಲ್ಟಿನ ಹರಳು ಕಣ್ಣಿಗೆ ಕಾಣದಷ್ಟು ಸಣ್ಣದು. ಇದೇ ಜಿಲ್ಲೆಯ ಇಳಕಲ್ಲಿನ ಗ್ರಾನೈಟ್ ಆಳದಲ್ಲಿ ನಿಧಾನವಾಗಿ ತಣಿದದ್ದು, ಅದರ ಹರಳು ಬರಿಗಣ್ಣಿಗೇ ಕಾಣುತ್ತದೆ. ಎರಡು ಲಾವಾ ಪದರಗಳ ನಡುವೆ ಕೆಂಪು ಮಣ್ಣಿನ ಪಟ್ಟಿ ಸಿಕ್ಕರೆ, ಒಂದು ಹರಿದು ಇನ್ನೊಂದು ಬರುವಷ್ಟರಲ್ಲಿ ಮಣ್ಣಾಗುವಷ್ಟು ಕಾಲ ಸರಿದಿತ್ತು ಎಂದರ್ಥ. ಹಳೆಯ ಬಂಡೆಯ ಬಿರುಕಿನಲ್ಲಿ ಶಿಲಾರಸ ಹೊಕ್ಕು ಗೋಡೆಯಂತೆ ಗಟ್ಟಿಯಾದದ್ದು ಡೈಕ್. ಅದರ ಅಂಚಿನ ಹರಳು ನಡುವಿನದಕ್ಕಿಂತ ನುಣ್ಣಗಿರುತ್ತದೆ, ಏಕೆಂದರೆ ತಣ್ಣನೆಯ ಬಂಡೆ ತಾಕಿದ ಅಂಚು ಬೇಗ ಗಟ್ಟಿಯಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಪು ಆ ಅಂಚಿನಲ್ಲಿದೆ. ಚೀಲದಲ್ಲಿ ತಂದ ತುಂಡನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಖನಿಜಗಳು ಗುರುತಾಗುತ್ತವೆ, ಆದರೆ ಅದು ಪಕ್ಕದ ಬಂಡೆಯೊಡನೆ ಹೇಗೆ ಕೂಡಿತ್ತು ಎಂಬುದು ಅಲ್ಲಿ ಸಿಗದು.

ಕಲ್ಲನ್ನು ಅದಿರುವಲ್ಲೇ ನೋಡಬೇಕು ಎಂಬುದಕ್ಕೆ ಕನ್ನಡ ನಾಡಿನಲ್ಲೇ ದೊಡ್ಡ ಸಾಕ್ಷಿಯಿದೆ. ಚಾರ್ನೊಕೈಟ್ ಎಂಬ ಕಲ್ಲು ಅಗ್ನಿಶಿಲೆಯೆಂದು ಅದಕ್ಕೆ ಹೆಸರಿಟ್ಟ ಭೂವಿಜ್ಞಾನಿ ಹಾಲೆಂಡ್ ನಂಬಿದ್ದರು. ಕನಕಪುರ ಸೀಮೆಯ ಕಬ್ಬಾಳದುರ್ಗದಲ್ಲಿ ಬೂದು ಬಣ್ಣದ ನೈಸ್ ಶಿಲೆಯೇ ಅಲ್ಲಲ್ಲಿ ಕಪ್ಪು ಚಾರ್ನೊಕೈಟಾಗಿ ಮಾರ್ಪಟ್ಟಿರುವುದನ್ನು ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಗುರುತಿಸಿ, 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬಂಡೆಯ ಮುಂದೆ ನಿಂತು ನೋಡಿದ್ದರಿಂದ ದಕ್ಕಿದ ಅರಿವು ಅದು.

ಜಮಖಂಡಿ, ಮುಧೋಳ, ಬೀಳಗಿಯ ಕಾಲೇಜು ಗುರುಗಳಲ್ಲಿ ಒಂದು ಕೋರಿಕೆ: ಊರಲ್ಲಿ ಹೊಸ ಬಾವಿ ತೋಡಿದ ಸುದ್ದಿ ಬಂದರೆ, ಕಟ್ಟೆ ಕಟ್ಟಿ ಒಳಗೋಡೆ ಮುಚ್ಚುವ ಮುನ್ನ, ಹೊಲದವರ ಅಪ್ಪಣೆ ಪಡೆದು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ.