ಚಿಕಿತ್ಸೆಯ ನಡುವೆ ಮೂಡಿದ ಗಂಟು ಮತ್ತೊಂದು ಕ್ಯಾನ್ಸರೇ?

ನೈರೋಬಿಯ ಹವೆ ಬೆಂಗಳೂರಿನಂತೆಯೇ ಹಿತಕರ. ಆದರೆ ಸಮಭಾಜಕ ವೃತ್ತದ ಸಮೀಪ, ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿರುವ ಈ ನಗರದ ಬಿಸಿಲಿನಲ್ಲಿ ಅತಿನೇರಳೆ ಕಿರಣಗಳು ಪ್ರಖರ. ಆಲ್ಬಿನಿಸಂ ಉಳ್ಳವರನ್ನು ಚರ್ಮದ ಕ್ಯಾನ್ಸರ್ ಇಲ್ಲಿ ತೀವ್ರವಾಗಿ ಕಾಡುತ್ತದೆ. ಹೀಗಿರುವಾಗ, ಶ್ವಾಸಕೋಶದ ಅಥವಾ ಬೇರೊಂದು ಅಂಗದ ಕ್ಯಾನ್ಸರಿಗೆ ಇಮ್ಯುನೋಥೆರಪಿ ಪಡೆಯುತ್ತಿರುವವರ ಕೈಕಾಲುಗಳ ಮೇಲೆ ಗಂಟುಗಳೆದ್ದರೆ, ರೋಗ ಚರ್ಮಕ್ಕೂ ಹರಡಿತೆಂದು ಮನೆಯವರು ಕಂಗೆಡುವುದು ಸಹಜ. ಆ ಭೀತಿ ಯಾವಾಗಲೂ ನಿಜವಾಗಬೇಕೆಂದಿಲ್ಲ.

ದೇಹದ ಟಿ-ಕೋಶಗಳು ಮಿತಿಮೀರದಂತೆ ಪಿಡಿ-1 ಎಂಬ ಪ್ರೋಟೀನು ಅವುಗಳಿಗೆ ಕಡಿವಾಣ ಹಾಕುತ್ತದೆ. ಕ್ಯಾನ್ಸರ್ ಕೋಶಗಳು ಇದನ್ನೇ ಬಳಸಿಕೊಂಡು ಪಾರಾಗುತ್ತವೆ. ಪೆಂಬ್ರೊಲಿಝುಮ್ಯಾಬ್, ನಿವೊಲುಮ್ಯಾಬ್ ಔಷಧಗಳು ಆ ಕಡಿವಾಣವನ್ನು ಸಡಿಲಿಸುತ್ತವೆ. ಈ ಮಾರ್ಗಕ್ಕೆ ಬುನಾದಿ ಹಾಕಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಸಂದಿತು.

ಸಡಿಲಗೊಂಡ ರೋಗನಿರೋಧಕ ಶಕ್ತಿ ಆರೋಗ್ಯವಂತ ಚರ್ಮದ ಮೇಲೂ ಎರಗಬಲ್ಲದು. ತುರಿಕೆ, ದದ್ದುಗಳು ಸಾಮಾನ್ಯ. ಕೆಲವರಲ್ಲಿ ತೊನ್ನು ಕಾಣಿಸುತ್ತದೆ. ನಮ್ಮಂಥ ಕಪ್ಪು-ಕಂದು ಮೈಬಣ್ಣದಲ್ಲಿ ದದ್ದು ಕೆಂಪಾಗಿ ತೋರದೆ ನೇರಳೆ ಅಥವಾ ಗಾಢ ಕಂದಾಗಿ ತೋರಬಹುದು. ಅಪರೂಪಕ್ಕೆ ಕೆರಟೋಅಕ್ಯಾಂಥೋಮಾ ಎಂಬ ಗಂಟುಗಳು ಏಳುತ್ತವೆ. ಕೆಲವೇ ವಾರಗಳಲ್ಲಿ ಗುಮ್ಮಟದಂತೆ ಬೆಳೆಯುವ ಇವುಗಳ ನಡುವೆ ಗಟ್ಟಿ ಪದಾರ್ಥ ತುಂಬಿದ ಕುಳಿಯಿರುತ್ತದೆ. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರನ್ನು ಇವು ಎಷ್ಟು ಹೋಲುತ್ತವೆಂದರೆ, ಸೂಕ್ಷ್ಮದರ್ಶಕದಡಿಯಲ್ಲೂ ಗೊಂದಲವಾಗುವುದುಂಟು.

ಆದ್ದರಿಂದ ಕಣ್ಣಂದಾಜು ಸಲ್ಲದು, ಬಯಾಪ್ಸಿ ಅಗತ್ಯ. ಗಂಟಿನ ಮೇಲ್ಪದರವಷ್ಟೇ ಅಲ್ಲದೆ ತಳಭಾಗವೂ ಪರೀಕ್ಷೆಗೆ ದೊರೆತರೆ ನಿರ್ಣಯ ಸುಲಭ. ರೋಗಿ ಯಾವ ಔಷಧ ಪಡೆಯುತ್ತಿದ್ದಾರೆಂಬುದು ಪರೀಕ್ಷಿಸುವ ತಜ್ಞರಿಗೆ ತಿಳಿದಿರಲೇಬೇಕು. ಅಡ್ಡಪರಿಣಾಮವೆಂದು ಖಚಿತವಾದರೆ ಸ್ಟಿರಾಯ್ಡ್ ಮುಲಾಮು ಅಥವಾ ಗಂಟಿಗೇ ಕೊಡುವ ಚುಚ್ಚುಮದ್ದಿನಿಂದ ಹಲವರಲ್ಲಿ ಇವು ಇಳಿದಿವೆ. ಅಂಥ ಹಲವರಲ್ಲಿ ಮೂಲ ಚಿಕಿತ್ಸೆಯನ್ನು ನಿಲ್ಲಿಸಬೇಕಾಗಿ ಬಂದಿಲ್ಲ. ಗಾಬರಿಯಿಂದ ತಾವೇ ಔಷಧ ಬಿಡುವುದು, ಅಡ್ಡಪರಿಣಾಮವೇ ಇರಬೇಕೆಂದು ಸುಮ್ಮನಿರುವುದು ಎರಡೂ ಅಪಾಯಕರ. ಬಾಯಿಹುಣ್ಣು, ಜ್ವರ, ಚರ್ಮದ ಮೇಲೆ ಬೊಬ್ಬೆ ಅಥವಾ ಸುಲಿತ ಕಂಡರಂತೂ ಅಂದೇ ಆಸ್ಪತ್ರೆಗೆ ಧಾವಿಸಬೇಕು.

ನೈರೋಬಿಯ ಕೆನ್ಯಾಟಾ ರಾಷ್ಟ್ರೀಯ ಆಸ್ಪತ್ರೆ, ಪಾರ್ಕ್‌ಲ್ಯಾಂಡ್ಸ್‌ನ ಆಗಾ ಖಾನ್ ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯಿದೆ. ಆದರೂ ಚಿಕಿತ್ಸೆಗೆ ಭಾರತಕ್ಕೆ ಹೋಗಿಬರುವವರು ಅನೇಕರು. ಇಂಥ ಅಡ್ಡಪರಿಣಾಮಗಳು ತಿಂಗಳುಗಳ ನಂತರ, ಕೊನೆಯ ಡೋಸ್ ಮುಗಿದ ಮೇಲೂ ತಲೆದೋರಬಹುದು. ಆಗ ರೋಗಿಯನ್ನು ನೋಡುವ ವೈದ್ಯರು ಬೇರೆಯೇ ದೇಶದಲ್ಲಿರಬಹುದು. ಔಷಧದ ಹೆಸರು, ಡೋಸ್‌ಗಳ ದಿನಾಂಕ, ಬಯಾಪ್ಸಿ ವರದಿ ಹಾಗೂ ಗಂಟು ಬೆಳೆದ ಕ್ರಮ ತೋರಿಸುವ ಚಿತ್ರಗಳನ್ನು ರೋಗಿಯೊಡನೆಯೂ ಊರಿನ ಬಂಧುಗಳ ಬಳಿಯೂ ಇರಿಸುವುದು ಒಳಿತು. ದೂರದಲ್ಲಿರುವವರು ಮಾಡಬಹುದಾದ ದೊಡ್ಡ ಸಹಾಯವೂ ಅದೇ.