ಮಿನಿ ಟ್ರ್ಯಾಕ್ಟರುಗಳ ಗ್ಲೋ ಪ್ಲಗ್ ದೋಷವನ್ನು ಪತ್ತೆ ಹಚ್ಚುವ ಬಗ್ಗೆ ರೈತರಿಗೆ ಮಾಹಿತಿ

ಮುಂಡರಗಿ ತಾಲ್ಲೂಕಿನ ಡೋಣಿ ಹಾಗೂ ಕಪ್ಪತಗುಡ್ಡದ ಸುತ್ತಲಿನ ಗ್ರಾಮಗಳ ರೈತರು ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಮಿನಿ ಟ್ರ್ಯಾಕ್ಟರು ಚಾಲೂ ಆಗುವುದಿಲ್ಲವೆಂದು ವಿಚಾರಿಸುವುದುಂಟು. ಕಡಲೆ ಬೆಳೆಗೆ ಕಾಯಿಕೊರಕದ ಔಷಧಿಯನ್ನು ಸಿಂಪಡಿಸಬೇಕಾದ ದಿನಗಳಲ್ಲಿ ಯಂತ್ರವು ನಿಂತರೆ ಆಗುವ ನಷ್ಟವನ್ನು ವಿವರಿಸಬೇಕಾಗಿಲ್ಲ. ಆತುರದಲ್ಲಿ ಡೀಸೆಲ್ ಪಂಪನ್ನು ಬಿಚ್ಚಿಸಿ ಸಾವಿರಾರು ರೂಪಾಯಿ ವ್ಯಯಿಸಿದ ನಂತರ, ಕೆಟ್ಟಿದ್ದುದು ಕೇವಲ ಒಂದು ಗ್ಲೋ ಪ್ಲಗ್ ಎಂದು ತಿಳಿದುಬರುವ ಪ್ರಸಂಗಗಳೂ ಇವೆ. ಆದ್ದರಿಂದ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಗಾಳಿಯು ಬಲವಾಗಿ ಒತ್ತಲ್ಪಟ್ಟು ಕಾಯ್ದಾಗ, ಅದರಲ್ಲಿ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಲವು ಸಣ್ಣ ಎಂಜಿನ್ನುಗಳಲ್ಲಿ ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೆ ಬಿಡದೆ ಅದರ ಮೇಲಿರುವ ಚಿಕ್ಕ ಕೋಣೆಗೆ ಬಿಡಲಾಗುತ್ತದೆ. ಎಂಜಿನ್ ತಣ್ಣಗಿದ್ದಾಗ ಈ ಕೋಣೆಯ ಗೋಡೆಗಳು ಗಾಳಿಯ ಶಾಖವನ್ನು ಹೀರಿಕೊಳ್ಳುವುದರಿಂದ, ಚಾಲೂ ಮಾಡುವ ಮೊದಲು ಅದನ್ನು ಕಾಯಿಸಬೇಕಾಗುತ್ತದೆ. ಗ್ಯಾರೇಜುಗಳಲ್ಲಿ ಹೀಟರ್ ಪ್ಲಗ್ ಎಂದು ಕರೆಯುವ ಗ್ಲೋ ಪ್ಲಗ್ಗಿನ ಕೆಲಸ ಇದೇ ಆಗಿರುತ್ತದೆ. ನಮ್ಮ ಭಾಗದ ದೊಡ್ಡ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ನೇರ ಸಿಂಪರಣೆಯ ಎಂಜಿನ್ನುಗಳಾಗಿದ್ದು, ಅವುಗಳಿಗೆ ಸಾಮಾನ್ಯವಾಗಿ ಗ್ಲೋ ಪ್ಲಗ್ ಇರುವುದಿಲ್ಲ. ತಮ್ಮ ಯಂತ್ರಕ್ಕೆ ಇದೆಯೇ ಎಂಬುದನ್ನು ಮೊದಲು ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದು, ಸೈಲೆನ್ಸರಿನಿಂದ ಬಿಳಿ ಹೊಗೆ ಹಾಗೂ ಹಸಿ ಡೀಸೆಲ್ ವಾಸನೆ ಬರುತ್ತಿದ್ದರೆ, ಡೀಸೆಲ್ ಬರುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದು ತಿಳಿಯಬೇಕು. ಗ್ಲೋ ಪ್ಲಗ್ಗಿನ ಮೇಲೆ ಸಂಶಯ ಪಡಬೇಕಾದುದು ಆಗ ಮಾತ್ರ. ಹೊಗೆಯೇ ಬಾರದಿದ್ದರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬಹುದು ಅಥವಾ ಪೈಪಿನಲ್ಲಿ ಗಾಳಿ ಸೇರಿರಬಹುದು. ಎಂಜಿನ್ ಕಾಯ್ದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನಾಜಲ್ ಅಥವಾ ಕಂಪ್ರೆಶನ್ ಪರೀಕ್ಷಿಸಬೇಕಾಗುತ್ತದೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಗ್ಲೋ ಪ್ಲಗ್ಗಿನ ಗೋಜಿಗೇ ಹೋಗದೆ ಬ್ಯಾಟರಿಯನ್ನು ನೋಡುವುದು. ಪೂರ್ಣ ಚಾರ್ಜ್ ಆದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ.

ಪರಿಶೀಲನೆಗೆ 12 ವೋಲ್ಟಿನ ಒಂದು ಟೆಸ್ಟ್ ಲ್ಯಾಂಪ್ ಸಾಕು. ದೀಪದ ಒಂದು ತಂತಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇನ್ನೊಂದನ್ನು ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿಗೂ ತಾಗಿಸಿ, ಇನ್ನೊಬ್ಬರಿಂದ ಕೀಲಿಯನ್ನು ಹೀಟ್ ಸ್ಥಾನಕ್ಕೆ ತಿರುಗಿಸಬೇಕು. ದೀಪ ಹೊತ್ತದಿದ್ದರೆ ಪ್ಲಗ್ಗುಗಳಿಗೆ ಕರೆಂಟ್ ತಲುಪುತ್ತಿಲ್ಲ. ಫ್ಯೂಜ್, ರಿಲೇ, ಕೀಲಿ ಸ್ವಿಚ್ ಹಾಗೂ ತಂತಿಗಳನ್ನು ಪರೀಕ್ಷಿಸಬೇಕು. ಇಲಿ ಕಡಿದ ತಂತಿಯೂ ಕಾರಣವಾಗಿರಬಹುದು. ದೀಪ ಹೊತ್ತಿದರೆ ಬ್ಯಾಟರಿಯ ತಂತಿಯನ್ನು ಬಿಚ್ಚಿ, ಪ್ಲಗ್ಗುಗಳ ಮೇಲಿನ ಪಟ್ಟಿಯನ್ನು ತೆಗೆದು ಒಂದೊಂದು ಪ್ಲಗ್ಗನ್ನೂ ಪ್ರತ್ಯೇಕವಾಗಿ ನೋಡುವುದು. ಪಟ್ಟಿಯನ್ನು ತೆಗೆಯದೆ ನೋಡಿದಲ್ಲಿ ಒಳ್ಳೆಯ ಪ್ಲಗ್ಗಿನ ಮೂಲಕ ಕೆಟ್ಟದ್ದೂ ಒಳ್ಳೆಯದೆಂದೇ ತೋರುತ್ತದೆ. ಬಹಳಷ್ಟು ಜನ ತಪ್ಪುವುದು ಇಲ್ಲಿಯೇ. ಮೀಟರಿನಲ್ಲಿ ಪ್ಲಗ್ಗಿನ ತುದಿ ಹಾಗೂ ಎಂಜಿನ್ನಿನ ನಡುವೆ ಸಾಮಾನ್ಯವಾಗಿ ಸುಮಾರು 1 ಓಮ್ ಅಥವಾ ಅದರ ಆಸುಪಾಸು ತೋರಿಸಬೇಕು. ಮೊದಲು ಮೀಟರಿನ ಎರಡೂ ತಂತಿಗಳನ್ನು ಪರಸ್ಪರ ತಾಗಿಸಿ, ಬರುವ ಅಂಕಿಯನ್ನು ಕಳೆಯಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ಆ ಪ್ಲಗ್ಗಿನ ಒಳಗಿನ ಸುರುಳಿ ಕಡಿದಿರುತ್ತದೆ.

ಪ್ಲಗ್ಗನ್ನು ಬಿಚ್ಚುವಾಗ ಎಂಜಿನ್ ಉಗುರುಬೆಚ್ಚಗಿರುವುದು ಒಳ್ಳೆಯದು. ತುಕ್ಕು ಹಿಡಿದಿದ್ದಲ್ಲಿ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ರಾತ್ರಿಯಿಡೀ ಬಿಡುವುದು. ಬಲವಂತವಾಗಿ ತಿರುಗಿಸಿ ಪ್ಲಗ್ ಮುರಿದರೆ ಎಂಜಿನ್ ಹೆಡ್ಡನ್ನೇ ಇಳಿಸಬೇಕಾದೀತು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಜೊತೆಯಲ್ಲಿ ಒಯ್ದು, ಉದ್ದ, ಮರೆ ಹಾಗೂ ವೋಲ್ಟೇಜನ್ನು ಹೋಲಿಸಿ ನೋಡತಕ್ಕದ್ದು. ಹಳೆಯ ಪ್ಲಗ್ಗಿನ ತುದಿ ಸುಟ್ಟು ಕರಗಿದ್ದರೆ ನಾಜಲ್ ಸೋರುತ್ತಿರಬಹುದು ಅಥವಾ ರಿಲೇ ಅಂಟಿಕೊಂಡು ಪ್ಲಗ್ ಸದಾ ಕಾಯುತ್ತಿರಬಹುದು. ಅದನ್ನು ಸರಿಪಡಿಸದಿದ್ದಲ್ಲಿ ಹೊಸದೂ ಹೆಚ್ಚು ದಿನ ಬಾಳುವುದಿಲ್ಲ.

ಬಹು ಮುಖ್ಯವಾಗಿ, ಗ್ಲೋ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಬಾರದು. ಪೆಟ್ರೋಲ್ ಬಟ್ಟೆಯನ್ನು ಏರ್ ಕ್ಲೀನರಿಗೆ ಹಿಡಿಯಲೂ ಬಾರದು. ಕೆಂಪಗೆ ಕಾಯ್ದ ತುದಿಗೆ ತಾಗಿದ ಕೂಡಲೇ ಆವಿ ಸ್ಫೋಟಿಸಿ ಪಿಸ್ಟನ್ ಒಡೆಯಬಹುದು, ಹತ್ತಿರ ನಿಂತವರಿಗೆ ಸುಟ್ಟ ಗಾಯಗಳೂ ಆಗಬಹುದು.

ಕೃಷಿ ಯಾಂತ್ರೀಕರಣ ಯೋಜನೆಯ ಸಹಾಯಧನವು ಯಂತ್ರದ ಖರೀದಿಗೆ ಸಂಬಂಧಿಸಿದ್ದಾಗಿದ್ದು, ಈ ದುರಸ್ತಿಗಾಗಿ ಅದರಡಿ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. ವಾರಂಟಿ ಅವಧಿಯಲ್ಲಿರುವ ಯಂತ್ರವನ್ನು ಹೊರಗಿನವರಿಂದ ಬಿಚ್ಚಿಸದೆ, ಮಾರಾಟಗಾರರಿಗೆ ಲಿಖಿತವಾಗಿ ದೂರು ನೀಡಿ ಸ್ವೀಕೃತಿ ಪಡೆಯುವುದು. ಸ್ಪಂದನೆ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದುರಸ್ತಿಯಾಗುವವರೆಗೆ, 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯ ಕೇಂದ್ರಗಳಲ್ಲಿ ಬಾಡಿಗೆ ಯಂತ್ರದ ಲಭ್ಯತೆಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ತಿಳಿಯಬಹುದಾಗಿದೆ. ಖರೀದಿ ರಸೀದಿ, ವಾರಂಟಿ ಕಾರ್ಡು ಹಾಗೂ ಬದಲಾಯಿಸಿದ ಹಳೆಯ ಪ್ಲಗ್ಗನ್ನು ದೂರು ಇತ್ಯರ್ಥವಾಗುವವರೆಗೆ ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.